ಕೇಳುವ ಹೃದಯವನ್ನು ಬೇಡಿದ ಅರಸ

ದೇವರು ನಮ್ಮೆದುರು ನಿಂತು, ಬೇಕಾದುದನ್ನು ಬೇಡಿಕೊಳ್ಳಲು ಹೇಳಿದರೆ ನಾವು ಏನನ್ನು ಬೇಡಿಯೇವು? ಈ ಪ್ರಶ್ನೆಗೆ ಉತ್ತರವನ್ನು ಅರಸಿ ಧರ್ಮಕೇಂದ್ರದ ಗುರುಗಳಾದ ನಾವು ದೂರ ಹೋಗಬೇಕಾಗಿಲ್ಲ. ವಾರದ ನೊವೆನಾ ಪ್ರಾರ್ಥನೆಗೆ ಮುನ್ನ ಭಕ್ತಾದಿಗಳು ಪೆಟ್ಟಿಗೆಯಲ್ಲಿ ಹಾಕುವ ಕೋರಿಕೆಯ ಚೀಟಿಗಳನ್ನು ಬಿಡಿಸಿ ನೋಡಿದರೆ ಸಾಕು. ಮಗನಿಗೆ ವೀಸಾ ಸಿಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ, ಜಾಗದ ವ್ಯಾಜ್ಯ ನಮ್ಮ ಕಡೆಗೆ ತೀರ್ಮಾನವಾಗಲಿ, ಬ್ಯಾಂಕಿನ ಸಾಲ ಮಂಜೂರಾಗಲಿ, ಅರ್ಧಕ್ಕೆ ನಿಂತ ಮನೆ ಪೂರ್ಣಗೊಳ್ಳಲಿ. ಈ ಕೋರಿಕೆಗಳ ಹಿಂದೆ ಕಣ್ಣೀರಿದೆ. ಅವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಜ್ಞಾನವನ್ನು ದಯಪಾಲಿಸೆಂದು ಬೇಡುವ ಚೀಟಿಗಳು ಮಾತ್ರ ವರ್ಷದ ಒಂದೇ ಋತುವಿನಲ್ಲಿ ಕಾಣಸಿಗುತ್ತವೆ. ಅದು ಪರೀಕ್ಷೆಯ ಕಾಲ! ಫಲಿತಾಂಶ ಬಂದ ಮೇಲೆ ಜ್ಞಾನದ ಅಗತ್ಯವೂ ಮುಗಿದಂತೆ ತೋರುತ್ತದೆ.

ಇಂತಹ ಅವಕಾಶ ನಿಜವಾಗಿಯೂ ದೊರೆತ ಒಬ್ಬನ ವೃತ್ತಾಂತ ಪವಿತ್ರ ಬೈಬಲಿನಲ್ಲಿದೆ. ಅವನು ದಾವೀದನ ಮಗನಾದ ಸೊಲೊಮೋನ. ಕ್ರಿಸ್ತಪೂರ್ವ ಹತ್ತನೆಯ ಶತಮಾನದಲ್ಲಿ ಇಸ್ರಯೇಲಿನ ಸಿಂಹಾಸನವನ್ನೇರಿದ ಈ ತರುಣನು ಬಲಿಯರ್ಪಣೆಗಾಗಿ ಗಿಬ್ಯೋನಿಗೆ ಹೋಗಿದ್ದಾಗ, ರಾತ್ರಿ ಕನಸಿನಲ್ಲಿ ದೇವರು ಕಾಣಿಸಿಕೊಂಡು ಬೇಕಾದ ವರವನ್ನು ಕೇಳಲು ಹೇಳಿದರೆಂದು ಅರಸುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯ ತಿಳಿಸುತ್ತದೆ. ಅವನು ದೀರ್ಘಾಯುಷ್ಯವನ್ನು ಕೇಳಲಿಲ್ಲ, ಸಿರಿಸಂಪತ್ತನ್ನು ಕೇಳಲಿಲ್ಲ, ಶತ್ರುಗಳ ಪ್ರಾಣವನ್ನು ಕೇಳಲಿಲ್ಲ. ತಾನಿನ್ನೂ ಏನೂ ಅರಿಯದ ಬಾಲಕನೆಂದು ಒಪ್ಪಿಕೊಂಡು, ಪ್ರಜೆಗಳಿಗೆ ನ್ಯಾಯ ತೀರಿಸಲು, ಒಳಿತು ಕೆಡುಕುಗಳನ್ನು ವಿವೇಚಿಸಲು ಬೇಕಾದ ಹೃದಯವನ್ನು ಕೇಳಿದನು.

ಮೂಲ ಹೀಬ್ರೂ ಭಾಷೆಯಲ್ಲಿ ಅವನು ಬೇಡಿದುದು 'ಲೇವ್ ಶೊಮೇಯ'. ಅಂದರೆ 'ಕೇಳುವ ಹೃದಯ'. 2011ರ ಸೆಪ್ಟೆಂಬರ್ 22ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಜರ್ಮನಿಯ ಸಂಸತ್ತಿನಲ್ಲಿ ಮಾತನಾಡಿದಾಗ, ರಾಜಕಾರಣಿಗಳ ಮುಂದೆ ಇದೇ ಪ್ರಾರ್ಥನೆಯನ್ನು ಇಟ್ಟರು. ಹೆಚ್ಚು ತಿಳಿದವನು, ಚೆನ್ನಾಗಿ ಮಾತನಾಡಬಲ್ಲವನು ಜ್ಞಾನಿಯೆಂದು ಲೋಕ ಎಣಿಸುತ್ತದೆ. ಪವಿತ್ರ ಗ್ರಂಥದ ದೃಷ್ಟಿಯಲ್ಲಾದರೋ ಕೇಳಬಲ್ಲವನೇ ಜ್ಞಾನಿ. ಅವನ ಒಂದು ಕಿವಿ ದೇವರ ಕಡೆಗಿರುತ್ತದೆ, ಇನ್ನೊಂದು ಬಡವನ ಕಡೆಗೆ. ಆದುದರಿಂದಲೇ ಆ ಕನಸಿನ ಪ್ರಸಂಗದ ಬೆನ್ನಿಗೇ ಒಂದು ಕೂಸಿಗಾಗಿ ಜಗಳವಾಡುತ್ತ ಬಂದ ಇಬ್ಬರು ತಾಯಂದಿರ ಕಥೆ ಬರುತ್ತದೆ. ಸಮಾಜ ಕಡೆಗಣಿಸಿದ ಇಬ್ಬರು ವೇಶ್ಯಾಸ್ತ್ರೀಯರ ಅಳಲಿಗೆ ಅರಸನು ಕಿವಿಗೊಟ್ಟನು. ನಿಜವಾದ ತಾಯಿಯ ಕರುಳಿನ ಕೂಗನ್ನು ಗುರುತಿಸಿದನು.

ಬೇಡದೆ ಬಂದ ಭಾಗ್ಯ

ಸೊಲೊಮೋನನ ಕೋರಿಕೆಯನ್ನು ದೇವರು ಮೆಚ್ಚಿದರು. ಕೇಳಿದ ಜ್ಞಾನದ ಜೊತೆಗೆ ಕೇಳದಿದ್ದ ಐಶ್ವರ್ಯವನ್ನೂ ಕೀರ್ತಿಯನ್ನೂ ಕೊಟ್ಟರು. ಸಾಮಾನ್ಯವಾಗಿ ನಮ್ಮ ಪ್ರಬೋಧನೆಗಳು ಇಲ್ಲಿಗೆ ಮುಗಿಯುತ್ತವೆ. ಜ್ಞಾನವನ್ನು ಕೇಳಿದರೆ ಐಶ್ವರ್ಯ ತಾನಾಗಿ ಹಿಂಬಾಲಿಸುತ್ತದೆ ಎಂಬ ಸಿಹಿಯಾದ ನೀತಿಯೊಡನೆ ನಾವೂ ಮನೆಗೆ ಮರಳುತ್ತೇವೆ. ಆದರೆ ಪವಿತ್ರ ಗ್ರಂಥ ಅಲ್ಲಿ ನಿಲ್ಲುವುದಿಲ್ಲ. ಮುಂದಿನ ಎಂಟು ಅಧ್ಯಾಯಗಳನ್ನು ಓದಿದವರಿಗೆ ಇದು ಸಿಹಿ ಕಥೆಯಲ್ಲ, ಕಣ್ತೆರೆಸುವ ಕಥೆ.

ಅರಸನಾದವನು ಹೇಗಿರಬೇಕೆಂಬುದನ್ನು ಧರ್ಮೋಪದೇಶಕಾಂಡದ ಹದಿನೇಳನೆಯ ಅಧ್ಯಾಯ ವಿಧಿಸುತ್ತದೆ. ಅವನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು. ಅನೇಕ ಹೆಂಡಿರನ್ನು ಮಾಡಿಕೊಳ್ಳಬಾರದು. ಬೆಳ್ಳಿಬಂಗಾರವನ್ನು ಮಿತಿಮೀರಿ ಕೂಡಿಹಾಕಬಾರದು. ಬದಲಿಗೆ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದಿಟ್ಟುಕೊಂಡು ಜೀವಮಾನವೆಲ್ಲ ಓದುತ್ತಿರಬೇಕು. ಹಾಗೆ ಓದುವುದರಿಂದ ಅವನು ದೈವಭಯವನ್ನು ಕಲಿಯುವನು, ತನ್ನ ಸಹೋದರರಿಗಿಂತ ತಾನು ಮೇಲೆಂಬ ಗರ್ವ ಅವನ ಹೃದಯದಲ್ಲಿ ಹುಟ್ಟದು.

ಈಗ ಸೊಲೊಮೋನನ ಲೆಕ್ಕವನ್ನು ನೋಡೋಣ. ವರ್ಷಕ್ಕೆ ಅವನಿಗೆ ಬರುತ್ತಿದ್ದ ಬಂಗಾರ 666 ತಲಾಂತುಗಳು. ಅವನ ರಥಗಳು 1,400, ರಾಹುತರು 12,000. ರಾಜಕುಲದ ಪತ್ನಿಯರು 700, ಉಪಪತ್ನಿಯರು 300. ಬಾರದೆಂದ ಮೂರನ್ನೂ ಅವನು ಸಂಗ್ರಹಿಸಿದನು. ದೇವರ ಮಹಾಲಯವನ್ನು ಅವನು 7 ವರ್ಷಗಳಲ್ಲಿ ಕಟ್ಟಿ ಮುಗಿಸಿದನು. ತನ್ನ ಅರಮನೆಗೆ 13 ವರ್ಷ ತೆಗೆದುಕೊಂಡನು. ಕಟ್ಟಡಗಳಿಗಾಗಿ ತನ್ನ ಪ್ರಜೆಗಳಲ್ಲೇ 30,000 ಮಂದಿಯನ್ನು ಬಿಟ್ಟಿ ಕೆಲಸಕ್ಕೆ ಹಿಡಿದು, ತಿಂಗಳಿಗೆ 10,000 ಮಂದಿಯಂತೆ ಸರದಿಯಲ್ಲಿ ಲೆಬನೋನಿಗೆ ಕಳುಹಿಸಿದನು. ವೃದ್ಧಾಪ್ಯದಲ್ಲಿ ಅವನ ಮನಸ್ಸು ಅನ್ಯದೇವತೆಗಳ ಕಡೆಗೆ ತಿರುಗಿತು. ತಾನೇ ಕಟ್ಟಿದ ಮಹಾಲಯದ ಎದುರಿನ ಬೆಟ್ಟದಲ್ಲಿ ಅವುಗಳಿಗೆ ಗುಡಿಗಳನ್ನು ಕಟ್ಟಿಸಿದನು. ಅವನ ಮಗ ರೆಹಬ್ಬಾಮನ ಕಾಲದಲ್ಲಿ ಹೊರೆಯನ್ನು ಹಗುರಗೊಳಿಸೆಂದು ಪ್ರಜೆಗಳು ಬೇಡಿಕೊಂಡರು. ಅವನು ಕೇಳಲಿಲ್ಲ. ರಾಜ್ಯ ಎರಡಾಗಿ ಒಡೆಯಿತು. ಕೇಳುವ ಹೃದಯವನ್ನು ಬೇಡಿದ ತಂದೆಗೆ ಕೇಳಲು ಬಾರದ ಮಗ!

ಗಮನಿಸಬೇಕಾದ ಸಂಗತಿಯೊಂದಿದೆ. ಸೊಲೊಮೋನನ ಬುದ್ಧಿ ಮಂಕಾಯಿತೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಹೃದಯ ತಿರುಗಿತೆಂದು ಮಾತ್ರ ಹೇಳುತ್ತದೆ. ಅವನು ಕಳೆದುಕೊಂಡದ್ದು ಜಾಣತನವನ್ನಲ್ಲ, ದೈವಭಯವನ್ನು. ಅದನ್ನು ಅವನಿಂದ ಯಾವ ಶತ್ರುವೂ ಕಿತ್ತುಕೊಳ್ಳಲಿಲ್ಲ. ದೇವರೇ ಕೊಟ್ಟ ಸಂಪತ್ತಿನ ನಡುವೆ, ವರ್ಷದಿಂದ ವರ್ಷಕ್ಕೆ, ಅದು ಮರೆತುಹೋಯಿತು.

ನಕ್ಷೆಯಲ್ಲಿ ಮರೆತ ಜಾಗ

ಕೆಲವು ವರ್ಷಗಳ ಹಿಂದೆ ನಾವು ಒಂದು ಹೊಸ ಮನೆಯ ಆಶೀರ್ವಾದಕ್ಕೆ ಹೋಗಿದ್ದೆವು. ಪರದೇಶದಲ್ಲಿ ಹಲವು ವರ್ಷ ದುಡಿದ ಮಗ ಪ್ರೀತಿಯಿಂದ ಕಟ್ಟಿಸಿದ ಮನೆ. ನೆಲಕ್ಕೆ ಹೊಳೆಯುವ ಕಲ್ಲು, ಗೋಡೆಯಗಲದ ಟಿ.ವಿ., ಎರಡು ಕಾರುಗಳಿಗೆ ಜಾಗ. ಪ್ರಾರ್ಥನೆ ಮುಗಿಸಿ ಕೋಣೆಕೋಣೆಗೆ ತೀರ್ಥ ಚಿಮುಕಿಸುತ್ತಿದ್ದಾಗ ಅವನ ತಾಯಿ ಹಳೆಯ ಮನೆಯ ಮರದ ಶಿಲುಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಹಿಂದೆಯೇ ನಡೆಯುತ್ತಿದ್ದರು. ಕೊನೆಗೆ ಮೆಲ್ಲಗೆ, "ಫಾದರ್, ಇದನ್ನು ಎಲ್ಲಿ ಇಡಲಿ?" ಎಂದು ಕೇಳಿದರು. ಮನೆಯಲ್ಲಿ ಪೀಠಕ್ಕೆಂದು ಜಾಗವೇ ಇರಲಿಲ್ಲ. ಮಗನಿಗೆ ನಿಜಕ್ಕೂ ನಾಚಿಕೆಯಾಯಿತು. "ನಕ್ಷೆ ಮಾಡಿಸುವಾಗ ಯಾರಿಗೂ ನೆನಪಾಗಲಿಲ್ಲ ಫಾದರ್" ಎಂದವನೇ ಮೊಳೆ, ಸುತ್ತಿಗೆ ತರಿಸಿ ಅಲ್ಲೇ ಜಾಗ ಮಾಡಿಕೊಟ್ಟನು.

ಆ ಯುವಕನು ನಾಸ್ತಿಕನಲ್ಲ, ದುಷ್ಟನೂ ಅಲ್ಲ. ತಂಗಿಯರನ್ನು ಓದಿಸಿದವನು, ತಂದೆಯ ಸಾಲ ತೀರಿಸಿದವನು. ಅವನ ಮೇಲೆ ತಪ್ಪು ಹೊರಿಸಲು ನಾವು ಇದನ್ನು ಬರೆಯುತ್ತಿಲ್ಲ. ಅಂದು ಸಂಜೆ ಮರಳುವಾಗ ನಮ್ಮ ಮನಸ್ಸು ನಮ್ಮನ್ನೇ ಪ್ರಶ್ನಿಸಿತು. ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಗಳಲ್ಲಿ ಕಟ್ಟಡ ನಿಧಿಗೆ ಎಷ್ಟು ಗಂಟೆ ಮೀಸಲಾಯಿತು, ಮಕ್ಕಳ ಧರ್ಮೋಪದೇಶಕ್ಕೆ ಎಷ್ಟು? ಹಬ್ಬದ ದೀಪಾಲಂಕಾರಕ್ಕೆ ನಾವು ಕೂಡಿಸಿದ ಹಣವೆಷ್ಟು, ಔಷಧಿಗೆ ಗತಿಯಿಲ್ಲದ ಮನೆಗೆ ತಲುಪಿಸಿದ್ದೆಷ್ಟು? ದೇವಾಲಯದ ನಕ್ಷೆಯನ್ನು ಹಿಡಿದು ಓಡಾಡುವ ಗುರುವೂ ಸೊಲೊಮೋನನಂತೆ ಮರೆಯಬಲ್ಲನು.

ಹಣದ ಹಸಿವು, ದೇವರ ಭಯ

ಹಾಗಾದರೆ ಸಂಪತ್ತು ಪಾಪವೇ? ಧರ್ಮಸಭೆ ಹಾಗೆ ಬೋಧಿಸಿಲ್ಲ. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದ ತಮ್ಮ ಮಹಾಗ್ರಂಥದಲ್ಲಿ ಮನುಷ್ಯನ ಪರಮಸುಖ ಸಂಪತ್ತಿನಲ್ಲಿದೆಯೇ ಎಂಬ ಪ್ರಶ್ನೆಯನ್ನೆತ್ತಿ, ಅರಿಸ್ಟಾಟಲನ ದಾರಿಯಲ್ಲಿ ಎರಡು ಬಗೆಯ ಸಂಪತ್ತನ್ನು ಗುರುತಿಸುತ್ತಾರೆ. ಅನ್ನ, ಬಟ್ಟೆ, ಮನೆಗಳು ಸ್ವಾಭಾವಿಕ ಸಂಪತ್ತು. ಹೊಟ್ಟೆ ತುಂಬಿದೊಡನೆ ಅನ್ನದ ಆಸೆ ನಿಲ್ಲುತ್ತದೆ. ಆ ಆಸೆಗೆ ಮಿತಿಯುಂಟು. ಹಣವೆಂಬುದು ಮನುಷ್ಯ ಕಲ್ಪಿಸಿದ ಸಂಪತ್ತು. ಅದರ ಆಸೆಗೆ ಹೊಟ್ಟೆಯಂತಹ ಅಳತೆಯಿಲ್ಲ, ಆದುದರಿಂದ ಮಿತಿಯೂ ಇಲ್ಲ. ಎರಡೂ ಇನ್ನೊಂದರ ಸಲುವಾಗಿ ಇರುವ ಸಾಧನಗಳು, ಗುರಿಯಾಗಲು ತಕ್ಕವಲ್ಲ. ದೋಣಿ ಹೊಳೆ ದಾಟಲು ಬೇಕು. ದೋಣಿಯನ್ನೇ ಊರೆಂದು ಬಗೆದವನು ದಡ ಸೇರಲಾರನು.

ಅದೇ ಗ್ರಂಥದಲ್ಲಿ ಸಂತರು ಭಯದ ಬಗೆಗಳನ್ನೂ ವಿಂಗಡಿಸುತ್ತಾರೆ. ಲೋಕದ ವಸ್ತುಗಳನ್ನು ಕಳೆದುಕೊಂಡೇನೆಂದು ಅಂಜಿ ದೇವರನ್ನು ಬಿಡುವುದು ಲೌಕಿಕ ಭಯ. ಶಿಕ್ಷೆಗೆ ಅಂಜುವುದು ದಾಸನ ಭಯ. ತಂದೆಯ ಮನ ನೋಯಿಸಿಯೇನು, ತಂದೆಯಿಂದ ದೂರವಾದೇನು ಎಂದು ಅಂಜುವುದು ಮಗನ ಭಯ. ದಾಸನ ಭಯದಿಂದ ಮಗನ ಭಯದೆಡೆಗೆ ಸಾಗುವವನದು ಆರಂಭದ ಭಯ. ಪವಿತ್ರ ಗ್ರಂಥ ಜ್ಞಾನದ ಮೊದಲ ಮೆಟ್ಟಿಲೆಂದು ಕೊಂಡಾಡುವ ದೈವಭಯ ತನ್ನ ಪೂರ್ಣತೆಯನ್ನು ಕಾಣುವುದು ಮಗನ ಭಯದಲ್ಲಿ. ಅದು ನಡುಕವಲ್ಲ, ಪ್ರೀತಿಯಿಂದ ಹುಟ್ಟಿದ ಗೌರವ.

ದೃಢೀಕರಣ ಸಂಸ್ಕಾರದಲ್ಲಿ ಧರ್ಮಾಧ್ಯಕ್ಷರು ನಮ್ಮ ಮಕ್ಕಳ ಮೇಲೆ ಕೈಗಳನ್ನು ಚಾಚಿ ಪವಿತ್ರಾತ್ಮರ ಏಳು ವರದಾನಗಳಿಗಾಗಿ ಪ್ರಾರ್ಥಿಸುತ್ತಾರೆ. ಪ್ರವಾದಿ ಯೆಶಾಯನ ಕ್ರಮದಂತೆ ಜ್ಞಾನ ಮೊದಲು, ದೈವಭಯ ಕೊನೆ. ಪರ್ವತ ಪ್ರಸಂಗದ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ ಸಂತ ಅಗಸ್ಟೀನರು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಏರುವ ಏಣಿಯಾಗಿ ಕಂಡರು. ದೈವಭಯ ಮೊದಲ ಮೆಟ್ಟಿಲು, ಜ್ಞಾನ ಏಳನೆಯದು. ಆ ಮೊದಲ ಮೆಟ್ಟಿಲನ್ನು ಅವರು ಪ್ರಭು ಯೇಸುವಿನ ಮೊದಲ ಧನ್ಯವಾಕ್ಯದೊಡನೆ, ಎಂದರೆ ಆತ್ಮದಲ್ಲಿ ಬಡವರಾದವರ ಧನ್ಯತೆಯೊಡನೆ, ಜೋಡಿಸಿದರು. ದೇವರಿಗೆ ಅಂಜುವವನು ತನ್ನ ಕೈಯಲ್ಲಿರುವುದನ್ನು ತನ್ನದೆಂದು ಬಿಗಿಹಿಡಿಯುವುದಿಲ್ಲ. ಕೆಳಗಿನ ಮೆಟ್ಟಿಲು ಮುರಿದರೆ ಏಣಿಯ ಮೇಲಿರುವವನ ಗತಿಯೇನೆಂಬುದಕ್ಕೆ ಸೊಲೊಮೋನನೇ ಸಾಕ್ಷಿ.

ಮಕ್ಕಳು ಕೇಳಿಸಿಕೊಳ್ಳುವುದು

ಪ್ರಿಯ ತಂದೆ ತಾಯಂದಿರೇ, ನೀವು ಮಕ್ಕಳಿಗಾಗಿ ಪಡುವ ಪಾಡನ್ನು ನಾವು ಹತ್ತಿರದಿಂದ ಬಲ್ಲೆವು. ಆದರೆ ಮಕ್ಕಳು ನಮ್ಮ ಉಪದೇಶಗಳಿಗಿಂತ ಹೆಚ್ಚಾಗಿ ನಮ್ಮ ಬೇಡಿಕೆಗಳನ್ನು ಕೇಳಿಸಿಕೊಳ್ಳುತ್ತಾರೆ. ಸಂಜೆಯ ಜಪಸರದ ಕೊನೆಯಲ್ಲಿ ಅಪ್ಪ ಅಮ್ಮ ದೇವರ ಬಳಿ ಏನನ್ನು ಕೇಳುತ್ತಾರೋ ಅದೇ ಬಾಳಿನ ದೊಡ್ಡ ವಸ್ತುವೆಂದು ಅವರು ತಿಳಿಯುತ್ತಾರೆ. ಊಟದ ಹೊತ್ತಿನಲ್ಲಿ ಯಾರನ್ನು ಹೊಗಳುತ್ತೇವೋ ಅವರಂತಾಗಲು ಬಯಸುತ್ತಾರೆ. ಹೆಚ್ಚು ಸಂಬಳದವನನ್ನು ಮಾತ್ರ ನಿತ್ಯವೂ ಹೊಗಳುವ ಮನೆಯಲ್ಲಿ, ಸಿಕ್ಕಿದ ಹಣದ ಚೀಲವನ್ನು ಮರಳಿಸಿದ ಆಟೋ ಚಾಲಕನ ಸುದ್ದಿ ಯಾವ ಮಗುವಿನ ಕಿವಿಗೂ ಬೀಳದು. ತಂದೆಯ ಜಾಗದ ನಾಲ್ಕು ಅಡಿಗಾಗಿ ಚಿಕ್ಕಪ್ಪನೊಡನೆ ಮಾತು ಬಿಟ್ಟ ಮನೆಯಲ್ಲಿ ಬೆಳೆದ ಮಗನಿಗೆ, ಮುಂದೆ ಅಣ್ಣತಮ್ಮಂದಿರೊಡನೆ ಹೊಂದಿಕೊಂಡು ಬಾಳೆಂದು ನಾವು ಯಾವ ಬಾಯಿಯಿಂದ ಹೇಳೋಣ? ಸಹೋದರರಿಗಿಂತ ಮೇಲೇರದ ಹೃದಯವೇ ದೈವಭಯದ ಗುರುತೆಂಬುದನ್ನು ಧರ್ಮೋಪದೇಶಕಾಂಡ ಅಂದೇ ಹೇಳಿಟ್ಟಿದೆ.

ಅರಸನಿಗೆ ವಿಧಿಸಿದ ಔಷಧ ಇಂದಿಗೂ ಬದಲಾಗಿಲ್ಲ. ದಿನವೂ ಸ್ವಲ್ಪ ಹೊತ್ತು ದೇವರ ವಾಕ್ಯವನ್ನು ಓದುವುದು. ಹದಿನೈದು ನಿಮಿಷ ಸಾಕು, ಟಿ.ವಿ.ಯೂ ಮೊಬೈಲೂ ಅಷ್ಟು ಹೊತ್ತು ಮೌನವಾಗಿರಲಿ. ಒಂದು ದಿನ ಅಪ್ಪ ಓದಲಿ, ಒಂದು ದಿನ ಮಗು ಓದಲಿ, ಅಜ್ಜಿ ಕೇಳಲಿ. ಮನೆ ಕಟ್ಟುವವರು ನಕ್ಷೆಯಲ್ಲಿ ಮೊದಲು ಪೀಠದ ಜಾಗವನ್ನು ಗುರುತಿಸಲಿ. ಸಂಬಳ ಬಂದ ದಿನ ಮೊದಲ ಪಾಲು ಬಡವನದೆಂದು ಮಕ್ಕಳ ಕೈಯಿಂದಲೇ ತೆಗೆದಿಡಿಸೋಣ. ಇವು ಸಣ್ಣ ಕೆಲಸಗಳೇ ಸರಿ. ಮರೆವು ಸಣ್ಣ ಸಣ್ಣದಾಗಿಯೇ ಬರುವುದರಿಂದ ನೆನಪನ್ನೂ ಹಾಗೆಯೇ ಕಾಯ್ದುಕೊಳ್ಳಬೇಕಾಗಿದೆ.

ಹೊಲದ ಹೂವನ್ನು ತೋರಿಸಿ, ಸಕಲ ವೈಭವದ ಸೊಲೊಮೋನನಿಗೂ ಅಂತಹ ಉಡುಗೆ ಇರಲಿಲ್ಲವೆಂದರು ಪ್ರಭು ಯೇಸು. ಸೊಲೊಮೋನನಿಗಿಂತ ಹಿರಿದಾದುದು ಇಲ್ಲಿದೆಯೆಂದೂ ಹೇಳಿದರು. ದೇವರ ಜ್ಞಾನವೇ ಆಗಿದ್ದ ಅವರು ಗೋದಲಿಯಲ್ಲಿ ಮಲಗಿದರು, ಬಡಗಿಯ ಮನೆಯಲ್ಲಿ ಬೆಳೆದರು, ಕೊನೆಯವರೆಗೂ ತಂದೆಯ ಚಿತ್ತಕ್ಕೆ ಕಿವಿಗೊಟ್ಟರು. ಅವರ ಹೃದಯ ತಿರುಗಲಿಲ್ಲ.

ಮುಂದಿನ ವಾರದ ನೊವೆನಾ ಪೆಟ್ಟಿಗೆಯಲ್ಲಿ ವೀಸಾ, ಸಾಲ, ಸಂಬಂಧಗಳ ಚೀಟಿಗಳು ಬರಲಿ. ಅವನ್ನು ನಾವು ಪೀಠದ ಮೇಲೆ ಇಟ್ಟು ಪ್ರಾರ್ಥಿಸುತ್ತೇವೆ. ಪ್ರತಿ ಚೀಟಿಯ ತಲೆಯ ಮೇಲೆ ಇನ್ನೊಂದು ಸಾಲೂ ಇರಲೆಂಬುದು ನಮ್ಮ ಬಿನ್ನಹ: ನಮ್ಮ ಮನೆಗೆ ಕೇಳುವ ಹೃದಯವನ್ನು ಕೊಡಿ, ಕೊಟ್ಟುದನ್ನು ಕೊನೆಯವರೆಗೂ ಕಾಯಿರಿ. ಆ ವರವನ್ನು ಪ್ರಭುವು ನಮ್ಮೆಲ್ಲರ ಕುಟುಂಬಗಳಿಗೆ ಅನುಗ್ರಹಿಸಲಿ.