ಗಾಯ ಮಾಯ್ದರೂ ಮಾಯದ ನೋವು

ಕೆಲವು ವರ್ಷಗಳ ಹಿಂದೆ ರಸ್ತೆ ಅಪಘಾತದ ಪರಿಹಾರ ಪ್ರಕರಣವೊಂದರಲ್ಲಿ ನಾನು ಅರ್ಜಿದಾರರ ಪರ ವಕಾಲತ್ತು ವಹಿಸಿದ್ದೆ. ಅವರ ಕಾಲಿನ ಮೂಳೆ ಕೂಡಿತ್ತು, ಗಾಯ ಮಾಯ್ದಿತ್ತು, ಎಕ್ಸ್‌ರೇಯಲ್ಲಿ ದೋಷವೇನೂ ಕಾಣುತ್ತಿರಲಿಲ್ಲ. ಆದರೂ ಪಂಚೆಯ ಅಂಚು ತಗುಲಿದರೆ ಸಾಕು, ಕಾಲು ಬೆಂಕಿ ತಾಗಿದಂತೆ ಉರಿಯುತ್ತದೆಂದು ಅವರು ಸಾಕ್ಷಿ ನುಡಿದರು. “ಗಾಯವೇ ಇಲ್ಲದ ಮೇಲೆ ನೋವೆಲ್ಲಿಯದು?” ಎಂದು ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಕೇಳಿದರು. ಅದಕ್ಕೆ ಸರಿಯಾದ ಉತ್ತರ ಅಂದು ನನಗೂ ತಿಳಿದಿರಲಿಲ್ಲ. ಮುಂದೆ ವೈದ್ಯ ಮಿತ್ರರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಲ್ಸಿಯಂ ಎಂದೊಡನೆ ಮಕ್ಕಳಿಗೆ ಹಾಲು, ಮೂಳೆ, ಹಲ್ಲುಗಳು ನೆನಪಾಗುತ್ತವೆ. ನರಗಳಲ್ಲಿ ಅದಕ್ಕೆ ಬೇರೆಯೇ ಕೆಲಸವಿದೆ. ಚರ್ಮದಿಂದ ಹೊರಟ ನೋವಿನ ಸಂಕೇತ ವಿದ್ಯುತ್ತಿನ ರೂಪದಲ್ಲಿ ನರದಗುಂಟ ಸಾಗಿ ಬೆನ್ನುಹುರಿಯನ್ನು ತಲುಪುತ್ತದೆ. ಆ ನರದ ತುದಿಯಲ್ಲಿ ಕ್ಯಾಲ್ಸಿಯಂ ಚಾನೆಲ್‌ಗಳೆಂಬ ಅತಿ ಸೂಕ್ಷ್ಮ ದ್ವಾರಗಳಿವೆ. ಸಂಕೇತ ಬಂದೊಡನೆ ಅವು ತೆರೆದುಕೊಳ್ಳುತ್ತವೆ. ಕ್ಯಾಲ್ಸಿಯಂ ಕಣಗಳು ಒಳನುಗ್ಗುತ್ತವೆ. ಅದರ ಪರಿಣಾಮವಾಗಿ ಗ್ಲುಟಮೇಟ್‌ನಂತಹ ರಾಸಾಯನಿಕಗಳು ಹೊರಬಿದ್ದು ಮುಂದಿನ ನರವನ್ನು ಪ್ರಚೋದಿಸುತ್ತವೆ. ಹೀಗೆ ಸುದ್ದಿ ಮೆದುಳಿಗೆ ಮುಟ್ಟಿದಾಗಲೇ ನಮಗೆ ನೋವಿನ ಅರಿವಾಗುವುದು.

ನರವೇ ಪೆಟ್ಟು ತಿಂದಾಗ ಈ ವ್ಯವಸ್ಥೆ ಏರುಪೇರಾಗುತ್ತದೆ. ಈ ದ್ವಾರಗಳಿಗೆ ಅಂಟಿಕೊಂಡಿರುವ ಆಲ್ಫಾ-2-ಡೆಲ್ಟಾ ಎಂಬ ಪ್ರೋಟೀನು, ಗಾಯಗೊಂಡ ನರಕೋಶಗಳಲ್ಲಿ ಹೆಚ್ಚಾಗುವುದನ್ನು ಪ್ರಯೋಗಗಳು ತೋರಿಸಿವೆ. ಆಗ ನರದ ತುದಿಗೆ ಹೆಚ್ಚು ದ್ವಾರಗಳು ಬಂದು ಸೇರುತ್ತವೆ. ಅಲ್ಪ ಸ್ಪರ್ಶವೂ ದೊಡ್ಡ ಕೂಗಾಗುತ್ತದೆ. ಮಧುಮೇಹಿಗಳ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ವೇದನೆ ಇದೇ ಬಗೆಯ ನರದ ನೋವುಗಳು. ಕಾರಣಗಳು ಇನ್ನೂ ಹಲವಿದ್ದರೂ ಈ ದ್ವಾರದ ಪಾತ್ರ ಮುಖ್ಯವಾದುದು.

ಗ್ಯಾಬಪೆಂಟಿನ್ ಎಂಬ ಔಷಧಿ 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದುದು ಅಪಸ್ಮಾರದ ಚಿಕಿತ್ಸೆಗಾಗಿ. ಅದು ಆಲ್ಫಾ-2-ಡೆಲ್ಟಾಕ್ಕೆ ಅಂಟಿಕೊಳ್ಳುತ್ತದೆಂಬುದು 1996ರಲ್ಲಿ ಬೆಳಕಿಗೆ ಬಂತು. ಇಂದು ಅದನ್ನೂ ಅದರ ಬಂಧುವಾದ ಪ್ರಿಗ್ಯಾಬಲಿನನ್ನೂ ನರದ ನೋವಿಗೆ ವೈದ್ಯರು ವ್ಯಾಪಕವಾಗಿ ಕೊಡುತ್ತಾರೆ.

ಇನ್ನೊಂದು ಔಷಧಿಯ ಕಥೆ ಸಮುದ್ರದಲ್ಲಿ ಆರಂಭವಾಗುತ್ತದೆ. ಕೋನಸ್ ಮ್ಯಾಗಸ್ ಎಂಬ ಕಡಲ ಬಸವನಹುಳು ವಿಷ ಚುಚ್ಚಿ ಮೀನು ಹಿಡಿಯುತ್ತದೆ. ಫಿಲಿಪ್ಪೀನ್ಸ್ ಮೂಲದ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಅವರ ಅಮೆರಿಕದ ಪ್ರಯೋಗಾಲಯದಲ್ಲಿ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಮೈಕೆಲ್ ಮೆಕಿಂಟೋಷ್ ಆ ವಿಷದಿಂದ ಒಂದು ಅಂಶವನ್ನು ಬೇರ್ಪಡಿಸಿದರು. ನೋವಿನ ನರಗಳಲ್ಲಿರುವ ಎನ್-ಮಾದರಿಯ ಕ್ಯಾಲ್ಸಿಯಂ ದ್ವಾರವನ್ನು ಅದು ನೇರವಾಗಿ ಮುಚ್ಚುತ್ತದೆ. ಅದೇ 2004ರಲ್ಲಿ ಅಮೆರಿಕದಲ್ಲಿ ಮಂಜೂರಾದ ಜಿಕೊನೊಟೈಡ್. ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಪಂಪಿನ ಮೂಲಕ ಅದನ್ನು ಹನಿಸಬೇಕು. ಮನಸ್ಸಿನ ಮೇಲೆ ತೀವ್ರ ದುಷ್ಪರಿಣಾಮವೂ ಆಗಬಹುದು. ಆದ್ದರಿಂದ ಅದರ ಬಳಕೆ ಸೀಮಿತ.

ಮನೆಮಂದಿ ಗಮನಿಸಬೇಕಾದ ಮಾತುಗಳಿವೆ. ಈ ನೋವಿಗೂ ಊಟದ ಕ್ಯಾಲ್ಸಿಯಂಗೂ ಸಂಬಂಧವಿಲ್ಲ; ಹಾಲು, ರಾಗಿ ಬಿಡಬೇಕಾಗಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳಿಂದ ತಲೆಸುತ್ತು, ತೂಕಡಿಕೆ, ಕಾಲಿನ ಬಾವು ಬರಬಹುದು. ವೈದ್ಯರನ್ನು ಕೇಳದೆ ಅವನ್ನು ಥಟ್ಟನೆ ನಿಲ್ಲಿಸಬಾರದು. ಮದ್ಯದೊಡನೆ ಸೇವಿಸಿದರೆ ಉಸಿರಾಟಕ್ಕೇ ಅಪಾಯ.

ಅಂದು ಸಾಕ್ಷಿಕಟ್ಟೆಯಿಂದ ಇಳಿದು ಬಂದ ನನ್ನ ಕಕ್ಷಿಗಾರರು, “ವಕೀಲರೇ, ಅವರು ಹಾಗೆ ಕೇಳಿದ್ದಕ್ಕೆ ಬೇಸರವಿಲ್ಲ. ಮನೆಯಲ್ಲಿ ಮಕ್ಕಳೂ ಅದನ್ನೇ ಕೇಳುತ್ತಾರೆ” ಎಂದಿದ್ದರು. ನಿಮ್ಮ ಮನೆಯ ಹಿರಿಯರು ಕಾಲುರಿಯೆಂದು ರಾತ್ರಿ ಎದ್ದು ಕುಳಿತರೆ ಆ ಪ್ರಶ್ನೆಯನ್ನು ಕೇಳಬೇಡಿ. ಅವರ ಮಾತನ್ನು ನಂಬಿ, ವೈದ್ಯರ ಬಳಿಗೆ ಕರೆದೊಯ್ಯಿರಿ.