ಕಾರ್ಖಾನೆಯ ಬಿಸಿನೀರನ್ನು ಕೆರೆಗೆ ಬಿಡಬಹುದೇ?



ಮಳೆ ಕೈಕೊಟ್ಟ ವರ್ಷ ಕಬ್ಬು ಅರೆಯುವ ಹಂಗಾಮು ಶುರುವಾದೊಡನೆ ನಮ್ಮ ಕಬ್ಬು ವಿಭಾಗಕ್ಕೆ ಒಂದು ಮನವಿ ತಪ್ಪದೆ ಬರುತ್ತದೆ. "ಕಾರ್ಖಾನೆಯ ತುಂತುರು ಕೊಳ ತುಂಬಿ ಹರಿಯುವ ನೀರು ತಿಳಿಯಾಗಿಯೇ ಇದೆ. ಅದನ್ನು ಊರ ಕೆರೆಗೆ ಬಿಟ್ಟರೆ ನಮ್ಮ ಬಾವಿಗಳಿಗೆ ಊಟೆ ಬರುತ್ತದೆಯಲ್ಲ?" ಧರ್ಮಪುರಿ, ಸೇಲಂ ಕಡೆಯ ಬಾವಿಗಳ ಆಳ ಬಲ್ಲವರು ಯಾರೂ ಈ ಮಾತನ್ನು ತಳ್ಳಿಹಾಕಲಾರರು. ಆದರೆ ಆ ನೀರಿನೊಂದಿಗೆ ಹೋಗುವ ಶಾಖದ ವಿಚಾರವನ್ನು ತಾವು ಮೊದಲು ತಿಳಿಯುವುದು ಒಳ್ಳೆಯದು.

ಈ ನೀರು ಎಲ್ಲಿಯದು?

ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಅಂದರೆ ಒಂದು ಟನ್ ಕಬ್ಬಿನೊಡನೆ 700 ಲೀಟರಿನಷ್ಟು ನೀರು ಕಾರ್ಖಾನೆಯೊಳಕ್ಕೆ ಬರುತ್ತದೆ. ಸಕ್ಕರೆ ಸೀದು ಕೆಡದಿರಲೆಂದು ಪಾಕವನ್ನು ಗಾಳಿ ತೆಗೆದ ಪಾತ್ರೆಯಲ್ಲಿ, ಕಡಿಮೆ ಶಾಖದಲ್ಲಿ ಕುದಿಸುತ್ತಾರೆ. ಅಲ್ಲಿಂದ ಏಳುವ ಹಬೆಯ ಮೇಲೆ ಕಂಡೆನ್ಸರಿನಲ್ಲಿ ತಣ್ಣೀರು ಸುರಿದು ಅದನ್ನು ನೀರಾಗಿಸುತ್ತಾರೆ. ಒಂದು ಕಿಲೋ ಹಬೆ ನೀರಾಗುವಾಗ ಬಿಟ್ಟುಕೊಡುವ ಶಾಖ 50 ಕಿಲೋ ನೀರನ್ನು ಸುಮಾರು 11 ಡಿಗ್ರಿ ಬಿಸಿ ಮಾಡಬಲ್ಲದು. ಹೀಗಾಗಿ 30 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಒಳಹೋದ ನೀರು 40 ದಾಟಿ ಹೊರಬರುತ್ತದೆ. ಅದನ್ನು ತುಂತುರು ಕೊಳದಲ್ಲಿ ಚಿಮ್ಮಿಸಿ, ಗಾಳಿಗೆ ಆರಿಸಿ, ಮತ್ತೆ ಬಳಸುತ್ತಾರೆ. ಹಬೆಯಿಂದ ಸೇರಿಕೊಂಡ ಹೆಚ್ಚುವರಿ ನೀರು ಕೊಳದಿಂದ ಹೊರಕ್ಕೆ ಹರಿಯುತ್ತದೆ.

ಶಾಖ ಏರಿದರೆ ಉಸಿರು ಕಡಿಮೆ

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.6 ಆಗುತ್ತದೆ; 40ರಲ್ಲಿ 6.4 ಮಾತ್ರ. ಇತ್ತ ನೀರಿನೊಂದಿಗೆ ಮೀನಿನ ಮೈಯೂ ಬಿಸಿಯಾಗುವುದರಿಂದ, 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಎರಡರಷ್ಟಾಗುತ್ತದೆ. ವರಮಾನ ಇಳಿದು ಖರ್ಚು ದುಪ್ಪಟ್ಟಾದ ಸಂಸಾರದ ಗತಿಯೇ ಮೀನಿನದೂ ಆಗುತ್ತದೆ. ರಾತ್ರಿ ಪಾಚಿ, ಗಿಡಗಳೂ ಆಮ್ಲಜನಕವನ್ನೇ ಬಳಸುವುದರಿಂದ ಬೆಳಗಿನ ಜಾವಕ್ಕೆ ಕೊರತೆ ಅತಿಯಾಗುತ್ತದೆ. ಸಾಲದೆಂಬಂತೆ, ಹಗುರವಾದ ಬಿಸಿನೀರು ಮೇಲ್ಪದರದಲ್ಲೇ ಹರಡಿ, ಗಾಳಿಯ ಆಮ್ಲಜನಕ ತಳಕ್ಕೆ ಇಳಿಯದಂತೆ ತಡೆಯುತ್ತದೆ.

ಸಕ್ಕರೆ ಕಾರ್ಖಾನೆಯ ನೀರಿಗೆ ಇನ್ನೊಂದು ದೋಷವೂ ಸೇರಬಹುದು. ಪಾಕ ಉಕ್ಕಿದಾಗ ಹಬೆಯೊಡನೆ ಸಕ್ಕರೆಯ ಹನಿಗಳು ಹಾರಿಬರುತ್ತವೆ. ಒಂದು ಕಿಲೋ ಸಕ್ಕರೆ ನೀರಿನಲ್ಲಿ ಪೂರ್ತಿ ಕೊಳೆಯಲು ಸುಮಾರು 1.1 ಕಿಲೋ ಆಮ್ಲಜನಕ ಬೇಕು. 30 ಡಿಗ್ರಿಯ ನೀರಾದರೆ, 1,40,000 ಲೀಟರಿಗೂ ಹೆಚ್ಚು ನೀರಿನಲ್ಲಿರುವ ಆಮ್ಲಜನಕವೆಲ್ಲ ಇದಕ್ಕೇ ಮುಗಿಯಿತು. ನೀರು ಬಿಸಿಯಿದ್ದಷ್ಟೂ ಕೊಳೆಯುವ ಕೆಲಸವೂ ಚುರುಕು. ತಿಳಿಯಾಗಿ ಕಂಡಿತೆಂದು ನೀರನ್ನು ನಂಬಲಾಗದು.

ಇದನ್ನು ನಾನು ಕೆಟ್ಟಮೇಲೆ ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಕಾರ್ಖಾನೆಯ ವ್ಯಾಪ್ತಿಯಲ್ಲಿ, ರೈತರ ಒತ್ತಾಯಕ್ಕೆ ಒಪ್ಪಿ ಇಂಥ ನೀರನ್ನು ಕೆರೆಗೆ ಬಿಡಿಸಲು ನಾನೇ ಶಿಫಾರಸು ಮಾಡಿದ್ದೆ. ಬೇಸಿಗೆಯ ಕೆರೆ, ಮೊಣಕಾಲುದ್ದ ನೀರು. ಕೆಲವೇ ದಿನಗಳಲ್ಲಿ ಒಂದು ಬೆಳಗ್ಗೆ ಕಟ್ಲ, ರೋಹು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಾಲ ಮಾಡಿ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದವರ ಮುಖ ಇಂದಿಗೂ ನೆನಪಿದೆ.

ಕೆರೆ ಎಷ್ಟು ತಡೆಯಬಲ್ಲದು?

ಲೆಕ್ಕ ಸುಲಭ. ಆರಿಸದ 42 ಡಿಗ್ರಿ ನೀರು 1 ಪಾಲು, 26 ಡಿಗ್ರಿಯ ಕೆರೆನೀರು 15 ಪಾಲು ಬೆರೆತರೆ 27 ಡಿಗ್ರಿಯಾಗುತ್ತದೆ. ಕೆರೆಗೆ ಅದು ಹೊರೆಯಲ್ಲ. ಕೆರೆನೀರು 3 ಪಾಲೇ ಇದ್ದರೆ 30 ಡಿಗ್ರಿ. ಏಪ್ರಿಲ್‌ನಲ್ಲಿ 30 ಡಿಗ್ರಿಗೆ ಕಾದ ಕೆರೆಗೆ ಸಮಪಾಲು ಬಿಟ್ಟರೆ 36. ಎಂದರೆ, ನಮಗೆ ನೀರು ಹೆಚ್ಚು ಬೇಕೆನಿಸುವ ಕಾಲದಲ್ಲೇ ಕೆರೆಯ ತಾಳಿಕೆ ಅತಿ ಕಡಿಮೆ.

ಬೀಜದ ತುಂಡುಗಳಿಗೆ ಬಿಸಿನೀರಿನ ಉಪಚಾರ ಮಾಡಿಸಿದವರಿಗೆ ಇದು ಹೊಸದಲ್ಲ. 50 ಡಿಗ್ರಿಯಲ್ಲಿ ರೋಗ ಸಾಯುತ್ತದೆ, ಕಣ್ಣು ಉಳಿಯುತ್ತದೆ. ಇನ್ನು ಕೆಲವೇ ಡಿಗ್ರಿ ಏರಿದರೆ ಕಣ್ಣೂ ಸಾಯುತ್ತದೆ. ಜೀವಕ್ಕೆ ನಾಲ್ಕೈದು ಡಿಗ್ರಿ ಸಣ್ಣ ಮಾತಲ್ಲ.

ಈ ಸಮಸ್ಯೆ ಸಕ್ಕರೆ ಕಾರ್ಖಾನೆಗಳದು ಮಾತ್ರವೂ ಅಲ್ಲ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ತಾನು ಉರಿಸಿದ ಶಾಖದಲ್ಲಿ ಮೂರನೆಯ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತದೆ; ಉಳಿದುದರಲ್ಲಿ ಹೆಚ್ಚಿನದು ತಂಪಿಸುವ ನೀರಿಗೆ ಹೋಗುತ್ತದೆ. ಮೆಟ್ಟೂರಿನ ಸ್ಥಾವರದಲ್ಲಿ ದೂರದಿಂದಲೇ ಕಾಣುವ, ನಡು ಸಣ್ಣಗಿರುವ ಭಾರೀ ಗೋಪುರಗಳು ಆ ನೀರನ್ನು ಗಾಳಿಗೆ ಆರಿಸಲೆಂದೇ ಇರುವಂಥವು. ಉತ್ತರ ಕನ್ನಡದ ಕೈಗಾ ಅಣು ಸ್ಥಾವರವು 2000ದಿಂದ ಕಾಳಿ ನದಿಯ ಕದ್ರಾ ಜಲಾಶಯದ ನೀರಿನಿಂದ ತಂಪು ಮಾಡಿಕೊಂಡು, ಬೆಚ್ಚಗಾದ ನೀರನ್ನು ಅದೇ ಜಲಾಶಯಕ್ಕೆ ಬಿಡುತ್ತಿದೆ. ದೊಡ್ಡ ಜಲಾಶಯ ತಡೆಯುವುದನ್ನು ಊರ ಕೆರೆ ತಡೆಯಲಾರದು.

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ಹೊರಬಿಡುವ ನೀರಿನ ಶಾಖ ಅದು ಸೇರುವ ನೀರಿಗಿಂತ 5 ಡಿಗ್ರಿಗೂ ಮೀರಿ ಹೆಚ್ಚಿರಕೂಡದು. ಸಕ್ಕರೆ ಕಾರ್ಖಾನೆಯ ತುಂತುರು ಕೊಳದಿಂದ ಹೊರಹರಿಯುವ ನೀರಿಗೂ 2016ರಿಂದ ಟನ್ ಕಬ್ಬಿಗೆ 100 ಲೀಟರಿನ ಮಿತಿಯಿದೆ. ನೀರನ್ನು ಒಳಗೇ ಮತ್ತೆ ಮತ್ತೆ ಬಳಸುವುದು ಕಾರ್ಖಾನೆಯ ಹೊಣೆ.

ತಾವು ಮಾಡಬೇಕಾದ್ದು

1. ರಾತ್ರೋರಾತ್ರಿ ಕಾಲುವೆ ಕಡಿದು ಈ ನೀರನ್ನು ಕೆರೆಗೆ ತಿರುಗಿಸಬೇಡಿರಿ.

2. ಆರಿಸಿ, ಶುದ್ಧೀಕರಿಸಿ, ಪರೀಕ್ಷೆಯಾದ ನೀರನ್ನು ಮಾತ್ರ ಒಪ್ಪಿಗೆಯೊಂದಿಗೆ ಹೊಲಕ್ಕೆ ಹಾಯಿಸಿರಿ. ಬಿಸಿಯಿರುವಾಗ ಮೊಳಕೆಯ ಪೈರಿಗೆ ಕೊಡಬೇಡಿರಿ.

3. ನೀರಿನಲ್ಲಿ ಬೆಲ್ಲದ ಇಲ್ಲವೆ ಹುಳಿ ವಾಸನೆ ಬಂದರೆ ಕೂಡಲೇ ತಿಳಿಸಿರಿ.

4. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೊದಲು ಒಳಬರುವ ನೀರನ್ನು ಕಟ್ಟಿರಿ. ಸಾಧ್ಯವಾದರೆ ಬಾವಿಯ ನೀರನ್ನು ಎತ್ತರದಿಂದ ಚಿಮ್ಮಿಸಿ ಬಿಡಿರಿ.

ನೀರು ಬೇಡುವುದು ತಮ್ಮ ಹಕ್ಕು. ತಣ್ಣಗಾದ ಶುದ್ಧ ನೀರನ್ನೇ ಬೇಡಿರಿ. ವಿವರಗಳಿಗೆ ತಮ್ಮ ಭಾಗದ ಕಬ್ಬು ಸಹಾಯಕರನ್ನು ಕಾಣಿರಿ.