ಆಸ್ಟ್ರೇಲಿಯಾದಲ್ಲಿ ಹಳೇ ಮೈನಿಂಗ್ ಯಂತ್ರ ಆನ್‌ಲೈನ್‌ನಲ್ಲಿ ಮಾರ್ತೀರಾ? ‘ಪೇ ಐಡಿ’ ಮೋಸದ ಬಗ್ಗೆ ಮೊದಲು ತಿಳ್ಕೊಳ್ಳಿ

ಗಲ್ಫ್‌ನಲ್ಲಿ ಕೆಲವು ವರ್ಷ ದುಡಿದು ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ ನಮ್ಮವರು ಈಗ ಕಡಿಮೆಯೇನಿಲ್ಲ. ಅಪ್ಪ ಇನ್ನೂ ಶಾರ್ಜಾದಲ್ಲೋ ಕುವೈತ್‌ನಲ್ಲೋ ಕೆಲಸದಲ್ಲಿರುತ್ತಾರೆ, ಮಗ ಪರ್ತ್‌ನ ಗಣಿ ಕಂಪನಿಯಲ್ಲಿ, ಮಗಳು ಅಡಿಲೇಡ್‌ನಲ್ಲಿ ನರ್ಸ್, ತಮ್ಮ ಬ್ರಿಸ್ಬೇನ್‌ನಲ್ಲಿ ಓದುತ್ತಿರುತ್ತಾನೆ. ಬಿಟ್‌ಕಾಯಿನ್ ಬೆಲೆ ಏರಿದ 2020–21ರ ಹೊತ್ತಿನಲ್ಲಿ ಮನೆಯ ಗ್ಯಾರೇಜಿನಲ್ಲಿ ಒಂದೆರಡು ಮೈನಿಂಗ್ ಯಂತ್ರ ಕೂರಿಸಿದವರು ಎಲ್ಲ ಊರಿನಲ್ಲೂ ಇದ್ದರು. ಈಗ ಆ ಯಂತ್ರಗಳು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಗಮ್‌ಟ್ರೀ, ಇಬೇಗಳಲ್ಲಿ ಮಾರಾಟಕ್ಕೆ ಬರುತ್ತಿವೆ. ಯಂತ್ರ ಕೊಳ್ಳುವವನಿಗೆ ಮೋಸವಾಗುವುದು ಗೊತ್ತಿರುವ ವಿಷಯ. ಮಾರುವವನಿಗೂ ಟೋಪಿ ಹಾಕುತ್ತಾರೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿ ಹೇಳಹೊರಟಿರುವುದು ಅದನ್ನೇ.

ಇವನ್ನು ಯಾಕೆ ಮಾರುತ್ತಿದ್ದಾರೆ ಅಂದರೆ, ಲೆಕ್ಕ ಸರಳ. 2022ರ ಸೆಪ್ಟೆಂಬರ್ 15ರಂದು ಈಥೀರಿಯಮ್ ಮೈನಿಂಗ್ ಪದ್ಧತಿಯನ್ನೇ ಬಿಟ್ಟುಬಿಟ್ಟಿತು. ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಸಂಪಾದಿಸುತ್ತಿದ್ದವರ ದಂಧೆ ಅಂದೇ ಮುಗಿಯಿತು. ಬಿಟ್‌ಕಾಯಿನ್‌ನಲ್ಲಿ 2024ರ ಏಪ್ರಿಲ್‌ನಲ್ಲಿ ಪ್ರತಿ ಬ್ಲಾಕ್‌ಗೆ ಸಿಗುವ ಪ್ರತಿಫಲ 6.25ರಿಂದ 3.125ಕ್ಕೆ ಇಳಿಯಿತು. ಕರೆಂಟ್ ಬಿಲ್ ಮಾತ್ರ ಇಳಿಯಲಿಲ್ಲ. ಆಂಟ್‌ಮೈನರ್ ಎಸ್19 ಯಂತ್ರ ಸುಮಾರು 3,250 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡಿದರೆ 78 ಯೂನಿಟ್. ಯೂನಿಟ್‌ಗೆ 30 ಸೆಂಟ್ ಎಂದು ಹಿಡಿದರೂ ದಿನಕ್ಕೆ 23 ಡಾಲರ್ ಮೇಲೆ. ಅಡಿಲೇಡ್‌ನಲ್ಲಿ ದರ ಇದಕ್ಕಿಂತಲೂ ಹೆಚ್ಚು. ಆ ಯಂತ್ರ ದಿನಕ್ಕೆ ಅಷ್ಟು ದುಡಿಯುವುದೇ ಇಲ್ಲ.

ಹಾಗಾದರೆ ಕೊಳ್ಳುವವರು ಯಾರು? ನಿಜವಾದ ಗಿರಾಕಿಗಳೂ ಇದ್ದಾರೆ. ಈ ಮೂರೂ ನಗರಗಳಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಿದವರು ಬಹಳ. ಪರ್ತ್‌ನಲ್ಲಿ ಹಗಲು ಹೊತ್ತು ಹೆಚ್ಚುವರಿ ಸೋಲಾರ್ ಕರೆಂಟನ್ನು ವಾಪಸ್ ಕೊಟ್ಟರೆ ಯೂನಿಟ್‌ಗೆ 3 ಸೆಂಟ್ ಕೂಡ ಸಿಗುವುದಿಲ್ಲ. ಅದನ್ನು ಹಳೇ ಯಂತ್ರಕ್ಕೆ ಉಣಿಸಿ ನಾಲ್ಕು ಕಾಸು ಮಾಡೋಣ ಅನ್ನುವವರಿದ್ದಾರೆ. ಚಳಿಗಾಲದಲ್ಲಿ ಹೀಟರ್ ಥರ ಬಳಸುವವರೂ ಇದ್ದಾರೆ. ಆದರೆ ಇಂಥ ಗಿರಾಕಿಗಳು ಬೆರಳೆಣಿಕೆ. ಜಾಹೀರಾತು ಹಾಕಿದ ಅರ್ಧ ಗಂಟೆಯಲ್ಲಿ ಬರುವ ಹತ್ತು ಮೆಸೇಜ್‌ಗಳಲ್ಲಿ ಹೆಚ್ಚಿನವು ಬೇರೆ ಜಾತಿಯವು.

ಆ ಮೆಸೇಜ್ ಹೇಗಿರುತ್ತದೆ?

ಮಾತು ಬಹಳ ಸಭ್ಯ. ಬೆಲೆ ಚೌಕಾಸಿ ಇಲ್ಲ. ಯಂತ್ರ ಎಷ್ಟು ಟೆರಾಹ್ಯಾಶ್, ಹ್ಯಾಶ್‌ಬೋರ್ಡ್ ಮೂರೂ ಓಡುತ್ತವಾ, ಫ್ಯಾನ್ ಸದ್ದು ಹೇಗಿದೆ, ಒಂದು ಪ್ರಶ್ನೆಯೂ ಇಲ್ಲ. ಸಾವಿರಾರು ಡಾಲರ್ ಕೊಟ್ಟು ಹಳೇ ಯಂತ್ರ ತಗೊಳ್ಳುವವನು ಇದನ್ನು ಕೇಳದೇ ಇರುತ್ತಾನಾ? ‘ನಾನು ಕೆಲಸದ ಮೇಲೆ ಬೇರೆ ಊರಲ್ಲಿದ್ದೇನೆ, ನನ್ನ ತಮ್ಮ ಬಂದು ತಗೊಂಡು ಹೋಗ್ತಾನೆ. ದುಡ್ಡು ಈಗಲೇ ಹಾಕ್ತೀನಿ. ನಿಮ್ಮ ಪೇ ಐಡಿ ಮತ್ತು ಇಮೇಲ್ ಕಳಿಸಿ.’ ನೀವು ಪರ್ತ್‌ನಲ್ಲಿದ್ದರೆ ಅವನು ಬ್ರಿಸ್ಬೇನ್‌ನಲ್ಲಿರುತ್ತಾನೆ, ನೀವು ಬ್ರಿಸ್ಬೇನ್‌ನಲ್ಲಿದ್ದರೆ ಅವನು ಅಡಿಲೇಡ್‌ನಲ್ಲಿ. ಎರಡು ಮೂರು ಸಾವಿರ ಕಿಲೋಮೀಟರ್ ಅಂತರವಿರುವ ದೇಶದಲ್ಲಿ ಈ ಮಾತು ನಂಬುವಂತೆಯೇ ಇರುತ್ತದೆ.

ಪೇ ಐಡಿ ಅಂದರೆ ನಮ್ಮ ಯುಪಿಐ ಐಡಿ ಇದ್ದ ಹಾಗೆ ಅಂದುಕೊಳ್ಳಿ. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಶುರುವಾಯಿತು. ಮೊಬೈಲ್ ನಂಬರ್ ಅಥವಾ ಇಮೇಲ್ ಅನ್ನು ಬ್ಯಾಂಕ್ ಖಾತೆಗೆ ಜೋಡಿಸಿಟ್ಟರೆ ಖಾತೆ ಸಂಖ್ಯೆ ಕೊಡದೆಯೇ ಹಣ ಪಡೆಯಬಹುದು. ಸಾಮಾನ್ಯವಾಗಿ ನಿಮಿಷದೊಳಗೆ ಬಂದು ಬೀಳುತ್ತದೆ, ಶುಲ್ಕ ಇಲ್ಲ. ವ್ಯವಸ್ಥೆ ಒಳ್ಳೆಯದೇ. ಅದರ ಹೆಸರು ಹೇಳಿ ಮಾಡುವ ಆಟ ಮಾತ್ರ ಕೆಟ್ಟದ್ದು.

ಇಮೇಲ್ ಕೊಟ್ಟ ಕೂಡಲೇ ‘ಪೇ ಐಡಿ’ ಲೋಗೋ ಇರುವ ಒಂದು ಮೇಲ್ ಬರುತ್ತದೆ. ‘ನಿಮಗೆ 1,500 ಡಾಲರ್ ಬಂದಿದೆ. ಆದರೆ ನಿಮ್ಮದು ಸಾಮಾನ್ಯ ಖಾತೆ, ಮಿತಿ ಮೀರಿದೆ. ಬಿಸಿನೆಸ್ ಖಾತೆಗೆ ಏರಿಸಲು ಕೊಂಡವರು ಇನ್ನೂ 500 ಡಾಲರ್ ಸೇರಿಸಿ ಕಳಿಸಬೇಕು.’ ಹಿಂದೆಯೇ ಗಿರಾಕಿಯ ಮೆಸೇಜ್: ‘ನಾನು ಆ 500 ಕೂಡ ಹಾಕಿದೆ, ನೋಡಿ. ದಯವಿಟ್ಟು ಅದನ್ನು ನನಗೆ ವಾಪಸ್ ಕಳಿಸಿ.’ ಇನ್ನೊಂದು ಮೇಲ್ ಬರುತ್ತದೆ, ‘2,000 ಡಾಲರ್ ತಡೆಹಿಡಿಯಲಾಗಿದೆ, 500 ವಾಪಸ್ ಕೊಟ್ಟ ಕೂಡಲೇ ಬಿಡುಗಡೆ’ ಎಂದು. ನಮ್ಮವನು ಪಾಪ, ಇನ್ನೊಬ್ಬರ ದುಡ್ಡು ಇಟ್ಟುಕೊಳ್ಳುವುದು ಹೇಗೆ ಎಂದು ತನ್ನ ಖಾತೆಯಿಂದ 500 ಕಳಿಸುತ್ತಾನೆ. ಬಂದಿದ್ದು ಬರೀ ಮೇಲ್. ಹೋಗಿದ್ದು ನಿಜವಾದ ದುಡ್ಡು. ಒಮ್ಮೆ ಕಳಿಸಿದವನ ಬಳಿ ಮತ್ತೊಮ್ಮೆ ಕೇಳುತ್ತಾರೆ, ‘ತಾಂತ್ರಿಕ ಕಾರಣ’ ಹೇಳಿ.

ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಒಎಲ್‌ಎಕ್ಸ್‌ನಲ್ಲಿ ಸೋಫಾ ಮಾರಲು ಹಾಕಿದರೆ ‘ನಾನು ಸೈನ್ಯದಲ್ಲಿದ್ದೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಎಂದು ಬೆಂಗಳೂರು, ಮಂಗಳೂರಿನಲ್ಲಿ ಎಷ್ಟು ಜನರಿಗೆ ಮೋಸ ಮಾಡಿಲ್ಲ? ದುಡ್ಡು ಪಡೆಯಲು ಪಿನ್ ಬೇಕಿಲ್ಲ ಎಂದು ನಾವು ಅಲ್ಲಿ ಕಲಿತೆವು. ದುಡ್ಡು ಪಡೆಯಲು ಖಾತೆ ‘ಅಪ್‌ಗ್ರೇಡ್’ ಮಾಡಬೇಕಿಲ್ಲ ಎನ್ನುವುದು ಇಲ್ಲಿಯ ಪಾಠ. ಪೇ ಐಡಿ ಎಂಬ ಸಂಸ್ಥೆ ಯಾರಿಗೂ ಮೇಲ್, ಮೆಸೇಜ್, ಫೋನ್ ಮಾಡುವುದಿಲ್ಲ. ಏನೇ ಮಾತಿದ್ದರೂ ನಿಮ್ಮ ಬ್ಯಾಂಕ್ ಮೂಲಕವೇ. ಸರಕಾರದ ಸ್ಕ್ಯಾಮ್‌ವಾಚ್‌ಗೆ ಬಂದ ದೂರುಗಳ ಪ್ರಕಾರ 2022ರಲ್ಲಿ ಈ ಒಂದೇ ವಿಧಾನದಲ್ಲಿ ಆಸ್ಟ್ರೇಲಿಯಾದ ಜನ 2.6 ಲಕ್ಷ ಡಾಲರ್‌ಗೂ ಹೆಚ್ಚು ಕಳೆದುಕೊಂಡಿದ್ದರು. ಅದು ದೂರು ಕೊಟ್ಟವರ ಲೆಕ್ಕ ಮಾತ್ರ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವರು ಬೇರೆ.

ಪರಿಹಾರ ಒಂದೇ. ಮೇಲ್ ನೋಡಬೇಡಿ, ಸ್ಕ್ರೀನ್‌ಶಾಟ್ ನೋಡಬೇಡಿ, ನಿಮ್ಮ ಬ್ಯಾಂಕಿನ ಆ್ಯಪ್ ನೀವೇ ತೆರೆದು ಬ್ಯಾಲೆನ್ಸ್ ನೋಡಿ. ಹೊಸಬರಿಗೆ ಮೊದಲ ಸಲ ಕಳಿಸುವ ಹಣವನ್ನು ಕೆಲವು ಬ್ಯಾಂಕ್‌ಗಳು 24 ಗಂಟೆವರೆಗೆ ತಡೆದಿಡುವುದುಂಟು. ಗಿರಾಕಿ ಪ್ರಾಮಾಣಿಕನಾಗಿದ್ದರೆ ನಾಳೆ ಬರುತ್ತಾನೆ. ದುಡ್ಡು ಕಾಣುವವರೆಗೆ ಯಂತ್ರ ಗ್ಯಾರೇಜ್ ದಾಟಬಾರದು.

ದುಡ್ಡು ನಿಜವಾಗಿ ಬಂದರೂ ತಲೆನೋವು

ಇದು ಸ್ವಲ್ಪ ಸೂಕ್ಷ್ಮ, ನಿಧಾನವಾಗಿ ಓದಿ. ಮೋಸಗಾರ ನಿಮ್ಮ ಜಾಹೀರಾತಿನ ಫೋಟೋಗಳನ್ನೇ ಕದ್ದು ತನ್ನ ಹೆಸರಲ್ಲಿ ಇನ್ನೊಂದು ಜಾಹೀರಾತು ಹಾಕುತ್ತಾನೆ. ಅಡಿಲೇಡ್‌ನಲ್ಲಿರುವ ಯಾರೋ ಅಮಾಯಕ ಅದನ್ನು ನೋಡಿ ಕೊಳ್ಳಲು ಒಪ್ಪುತ್ತಾನೆ. ಮೋಸಗಾರ ಅವನಿಗೆ ಕೊಡುವುದು ನಿಮ್ಮ ಖಾತೆಯ ವಿವರ. ಹಣ ನಿಮ್ಮ ಖಾತೆಗೆ ಬರುತ್ತದೆ, ನಿಜವಾದ ಹಣ. ಮೋಸಗಾರ ನಿಮ್ಮ ಮನೆಗೆ ಬಂದು ಯಂತ್ರ ಎತ್ತಿಕೊಂಡು ಹೋಗುತ್ತಾನೆ. ಅಡಿಲೇಡ್‌ನವನಿಗೆ ಯಂತ್ರ ಸಿಗುವುದಿಲ್ಲ, ಅವನು ಪೊಲೀಸರಿಗೆ ದೂರು ಕೊಡುತ್ತಾನೆ. ಆ ದೂರಿನಲ್ಲಿರುವ ಖಾತೆ ಯಾರದ್ದು? ನಿಮ್ಮದು. ಬ್ಯಾಂಕ್ ಖಾತೆ ತಡೆಹಿಡಿದರೆ ಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲ ನಿಲ್ಲುತ್ತದೆ. ಹ್ಯಾಕ್ ಆದ ಖಾತೆಯಿಂದ ಹಣ ಬಂದರೂ ಇದೇ ಗತಿ.

ಆದ್ದರಿಂದ ಹಣ ಕಳಿಸಿದ ಹೆಸರು, ಎದುರಿಗೆ ನಿಂತವನ ಹೆಸರು ಒಂದೇ ಆಗಿರಬೇಕು. ಡ್ರೈವಿಂಗ್ ಲೈಸೆನ್ಸ್ ತೋರಿಸಿ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. ‘ನನ್ನ ಹೆಂಡತಿ ಖಾತೆಯಿಂದ ಬಂತು, ನನ್ನ ಬಾಸ್ ಹಾಕಿದರು’ ಅನ್ನುವವರಿಗೆ, ‘ಹಾಗಾದರೆ ಅವರೇ ಬರಲಿ’ ಅನ್ನಿ. ಚಾಟ್ ಪೂರ್ತಿ ಉಳಿಸಿಕೊಳ್ಳಿ. ಫೋಟೋ ತೆಗೆಯುವಾಗ ಒಂದು ಚೀಟಿಯಲ್ಲಿ ನಿಮ್ಮ ಹೆಸರು, ದಿನಾಂಕ ಬರೆದು ಯಂತ್ರದ ಮೇಲಿಟ್ಟು ತೆಗೆದರೆ ಅದನ್ನು ಕದ್ದು ಬಳಸುವುದು ಕಷ್ಟವಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ಓದು ಮುಗಿಸಿ ದೇಶ ಬಿಡುವ ವಿದ್ಯಾರ್ಥಿಗಳಿಗೆ ‘ನಿನ್ನ ಬ್ಯಾಂಕ್ ಖಾತೆ ನಮಗೆ ಮಾರು’ ಎಂದು ಆಸೆ ತೋರಿಸುವ ಗುಂಪುಗಳ ಬಗ್ಗೆ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಮೋಸದ ಹಣ ಓಡಾಡುವುದು ಅಂಥ ಖಾತೆಗಳಲ್ಲೇ. ಖಾತೆ ಮಾರುವುದು ಅಪರಾಧ. ಮುಂದೆ ವೀಸಾ ಕೇಳುವಾಗಲೂ ಕಾಡುತ್ತದೆ.

ಪಾರ್ಸೆಲ್ ಕಳಿಸುವವರಿಗೆ

ಕೊಳ್ಳುವವರು ಕಡಿಮೆ ಇರುವುದರಿಂದ ಪರ್ತ್‌ನ ಯಂತ್ರಕ್ಕೆ ಬ್ರಿಸ್ಬೇನ್‌ನ ಗಿರಾಕಿ ಸಿಗುವುದು ಸಹಜ. ಎಸ್19 ಹದಿನಾಲ್ಕು ಕಿಲೋ ಮೇಲೆ ತೂಗುತ್ತದೆ. ಆಸ್ಟ್ರೇಲಿಯಾ ಪೋಸ್ಟ್ 22 ಕಿಲೋವರೆಗೆ ಒಯ್ಯುತ್ತದೆ, ಹಾಗಾಗಿ ಕಳಿಸುವುದು ಕಷ್ಟವಲ್ಲ. ಕಷ್ಟ ಬರುವುದು ಆಮೇಲೆ. ‘ಯಂತ್ರ ಓಡುತ್ತಿಲ್ಲ’ ಎಂದು ಇಬೇಯಲ್ಲಿ ದೂರು ಹಾಕಿ, ನಿಮ್ಮ ಒಳ್ಳೆಯ ಹ್ಯಾಶ್‌ಬೋರ್ಡ್ ಕಿತ್ತುಕೊಂಡು ತನ್ನ ಸತ್ತ ಬೋರ್ಡ್ ಕೂರಿಸಿ ವಾಪಸ್ ಕಳಿಸುವವರಿದ್ದಾರೆ. ಇಂಥ ಜಗಳದಲ್ಲಿ ಜಾಲತಾಣಗಳು ಸಾಮಾನ್ಯವಾಗಿ ಕೊಂಡವನ ಪರವೇ ಹೆಚ್ಚು ವಾಲುತ್ತವೆ. ಪ್ರತಿ ಬೋರ್ಡಿಗೂ ಬೇರೆ ಸೀರಿಯಲ್ ನಂಬರ್ ಇರುತ್ತದೆ. ಪ್ಯಾಕ್ ಮಾಡುವ ಮೊದಲು ಯಂತ್ರ ಓಡುತ್ತಿರುವುದನ್ನೂ, ಮೂರೂ ಬೋರ್ಡಿನ ನಂಬರ್‌ಗಳನ್ನೂ, ಡಬ್ಬಿ ಮುಚ್ಚುವುದನ್ನೂ ಒಂದೇ ವಿಡಿಯೋದಲ್ಲಿ ಹಿಡಿದಿಟ್ಟುಕೊಳ್ಳಿ. ಜಗಳ ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಪೇಪಾಲ್‌ನಲ್ಲಿ ಹಣ ಪಡೆದು ಕೈಗೇ ಯಂತ್ರ ಕೊಡುವುದು ಬೇಡ. ಪೇಪಾಲ್ ಮಾರಾಟಗಾರನಿಗೆ ಕೊಡುವ ರಕ್ಷಣೆಗೆ ಸಾಮಾನ್ಯವಾಗಿ ಪಾರ್ಸೆಲ್ ತಲುಪಿದ ಟ್ರ್ಯಾಕಿಂಗ್ ಬೇಕು. ಕೈಗೆ ಕೊಟ್ಟಿದ್ದಕ್ಕೆ ಅದು ಎಲ್ಲಿಂದ ಬರಬೇಕು? ವಾರ ಬಿಟ್ಟು ಅವನು ಹಣ ವಾಪಸ್ ಎಳೆದುಕೊಂಡರೆ ಏನೂ ಮಾಡಲಾಗುವುದಿಲ್ಲ. ‘ಕೊರಿಯರ್‌ನವನೇ ಕವರ್‌ನಲ್ಲಿ ಕ್ಯಾಶ್ ತರ್ತಾನೆ, ನೀವು ಮೊದಲು ಇನ್ಶೂರೆನ್ಸ್ ಕಟ್ಟಿ’ ಅನ್ನುವುದಂತೂ ಶುದ್ಧ ಸುಳ್ಳು. ಯಾವ ಅಂಚೆ ಸಂಸ್ಥೆಯೂ ಹಾಗೆ ಮಾಡುವುದಿಲ್ಲ.

ಮೈನಿಂಗ್ ಯಂತ್ರದ ಗಿರಾಕಿ ಕ್ರಿಪ್ಟೋದಲ್ಲೇ ಹಣ ಕೊಡುತ್ತೇನೆ ಅನ್ನುವುದೂ ಸಾಮಾನ್ಯ. ಯುಎಸ್‌ಡಿಟಿ ಹೆಸರಿನ ನಕಲಿ ಟೋಕನ್‌ಗಳು ಓಡಾಡುತ್ತವೆ. ವ್ಯಾಲೆಟ್‌ನಲ್ಲಿ ಹೆಸರು ಅದೇ ಕಾಣುತ್ತದೆ, ಮಾರಲು ಹೋದರೆ ಕಾಸಿನ ಬೆಲೆಯಿಲ್ಲ. ನಿಮಗೆ ಇದರಲ್ಲಿ ಪಳಗಿದ ಕೈ ಇಲ್ಲದಿದ್ದರೆ ‘ಕ್ಯಾಶ್ ಅಥವಾ ಬ್ಯಾಂಕ್’ ಎಂದು ಜಾಹೀರಾತಿನಲ್ಲೇ ಬರೆದುಬಿಡಿ.

ಮನೆಗೆ ಬಂದವನು ‘ಓಡಿಸಿ ತೋರಿಸಿ’ ಅನ್ನುತ್ತಾನೆ. ನ್ಯಾಯವೇ. ಆದರೆ ಆಸ್ಟ್ರೇಲಿಯಾದ ಮನೆಗಳ ಸಾಮಾನ್ಯ ಸಾಕೆಟ್ 10 ಆಂಪಿಯರ್‌ನದು, ಅಂದರೆ ಸುಮಾರು 2,300 ವ್ಯಾಟ್. 3,250 ವ್ಯಾಟ್‌ನ ಯಂತ್ರವನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರ್ ಕರಗಿ ಬೆಂಕಿ ಹತ್ತಬಹುದು. ಬಾಡಿಗೆ ಮನೆಯಾದರೆ ಕೇಳುವುದೇ ಬೇಡ. ಎಲೆಕ್ಟ್ರಿಷಿಯನ್ ಹಾಕಿಕೊಟ್ಟ ದೊಡ್ಡ ಪಾಯಿಂಟ್‌ನಲ್ಲೇ ತೋರಿಸಿ. ಒಬ್ಬರೇ ಇರುವಾಗ ಕರೆಯಬೇಡಿ. ಇಂಥ ಯಂತ್ರ ಇಟ್ಟವನ ಬಳಿ ಕ್ರಿಪ್ಟೋ ಕೂಡ ಇರುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ನಿಮ್ಮ ಬಳಿ ಎಷ್ಟು ಕಾಯಿನ್ ಇದೆ ಎನ್ನುವ ಪಂಚಾಯ್ತಿ ಗಿರಾಕಿಗೆ ಬೇಡ.

ಕೊಡುವ ಮೊದಲು ಯಂತ್ರವನ್ನು ಫ್ಯಾಕ್ಟರಿ ರಿಸೆಟ್ ಮಾಡಿ, ಪೂಲ್ ಖಾತೆಯ ವಿವರ ಅಳಿಸಿ. ಗ್ರಾಫಿಕ್ಸ್ ಕಾರ್ಡ್ ರಿಗ್ ಆದರೆ ಅದರ ಎಸ್‌ಎಸ್‌ಡಿ ಕೊಡಲೇಬೇಡಿ, ಕಿತ್ತಿಟ್ಟುಕೊಳ್ಳಿ. ಹಳೇ ವ್ಯಾಲೆಟ್ ಫೈಲ್ ಅದರಲ್ಲಿ ಉಳಿದಿದ್ದರೆ ಯಂತ್ರದ ಬೆಲೆಗಿಂತ ಹೆಚ್ಚು ಕಳೆದುಕೊಳ್ಳಬಹುದು. ಮೈನಿಂಗ್ ಅನ್ನು ವ್ಯವಹಾರವಾಗಿ ನಡೆಸಿ ಟ್ಯಾಕ್ಸ್‌ನಲ್ಲಿ ಖರ್ಚು ತೋರಿಸಿದವರು ಮಾರಿದ ಹಣದ ಲೆಕ್ಕವನ್ನೂ ಟ್ಯಾಕ್ಸ್ ಏಜೆಂಟ್‌ಗೆ ಕೊಡಬೇಕು.

‘ಮಾರುವ ಗೋಜು ಬೇಡ, ಕುವೈತ್‌ನಲ್ಲಿರುವ ಅಣ್ಣನಿಗೆ ಕಳಿಸ್ತೇನೆ, ಅಲ್ಲಿ ಕರೆಂಟ್ ಅಗ್ಗ’ ಎಂದು ಯೋಚಿಸುವವರಿಗೂ ಒಂದು ಮಾತು. ಕುವೈತ್ 2023ರಲ್ಲೇ ಮೈನಿಂಗ್ ನಿಷೇಧಿಸಿದೆ. 2025ರಲ್ಲಿ ಅಲ್ ವಫ್ರಾ ಭಾಗದ ಮನೆಗಳ ಮೇಲೆ ಕಾರ್ಯಾಚರಣೆ ನಡೆಸಿದಾಗ ಅಲ್ಲಿಯ ವಿದ್ಯುತ್ ಬಳಕೆಯೇ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅಬುಧಾಬಿಯಲ್ಲಿ ಕೃಷಿ ಫಾರ್ಮ್‌ಗಳಲ್ಲಿ ಮೈನಿಂಗ್ ಮಾಡಿದರೆ ಒಂದು ಲಕ್ಷ ದಿರ್ಹಂ ದಂಡ. ವೀಸಾ ಮೇಲೆ ಬದುಕುವ ಅಣ್ಣನ ತಲೆ ಮೇಲೆ ಈ ಭಾರ ಹೊರಿಸುವುದು ಬೇಡ.

ಮೋಸ ಆಗಿಯೇ ಹೋದರೆ, ಮೊದಲ ಫೋನ್ ಬ್ಯಾಂಕಿಗೆ, ಆ ಗಂಟೆಯಲ್ಲೇ. ಹಣ ಇನ್ನೂ ಎದುರಿನ ಖಾತೆಯಲ್ಲಿದ್ದರೆ ಮಾತ್ರ ಹಿಡಿಯಲು ಸಾಧ್ಯ. ಆಮೇಲೆ ರಿಪೋರ್ಟ್‌ಸೈಬರ್ ಜಾಲತಾಣದಲ್ಲಿ ಪೊಲೀಸ್ ದೂರು, ಸ್ಕ್ಯಾಮ್‌ವಾಚ್‌ನಲ್ಲಿ ಮಾಹಿತಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಕಡೆ ತುರ್ತಲ್ಲದ ಪೊಲೀಸ್ ಸಹಾಯಕ್ಕೆ ಒಂದೇ ನಂಬರ್, 131 444. ಮನೆ ಬಾಗಿಲಲ್ಲಿ ಬೆದರಿಕೆ ಹಾಕಿದರೆ 000. ಲೈಸೆನ್ಸ್, ಪಾಸ್‌ಪೋರ್ಟ್ ಫೋಟೋ ಕಳಿಸಿಬಿಟ್ಟಿದ್ದರೆ ಐಡಿ ಕೇರ್ ಸಂಸ್ಥೆಗೆ 1800 595 160ಕ್ಕೆ ಫೋನ್ ಮಾಡಿ. ಉಚಿತ ಸಲಹೆ ಸಿಗುತ್ತದೆ. ಬ್ಯಾಂಕ್ ಸರಿಯಾಗಿ ಸ್ಪಂದಿಸದಿದ್ದರೆ ಹಣಕಾಸು ದೂರು ಪ್ರಾಧಿಕಾರ ಆಫ್ಕಾ ಇದೆ, 1800 931 678. ಅದಕ್ಕೂ ಶುಲ್ಕವಿಲ್ಲ. ‘ನಿಮ್ಮ ಕಳೆದ ದುಡ್ಡು ವಾಪಸ್ ತೆಗೆಸಿಕೊಡ್ತೇವೆ, ಸ್ವಲ್ಪ ಫೀಸ್ ಕಟ್ಟಿ’ ಎಂದು ವಾರದೊಳಗೆ ಇನ್ನೊಂದು ಫೋನ್ ಬರುತ್ತದೆ. ಅದು ಅದೇ ಗುಂಪಿನದು, ಎತ್ತಬೇಡಿ.